ಅಳಿವೆಯ ಕೆಸರು ಯಾರ ಸೊತ್ತು?

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಜೌಗು ಪ್ರದೇಶವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಸಂತೋಷ. ಆದರೆ ಆ ಕೆಸರಿನಲ್ಲಿ ಮೊಣಕಾಲುದ್ದ ನಿಂತು ಬಳಚು ಹೆಕ್ಕುವ ಹೆಂಗಸರಿಗೆ ಇದರಿಂದ ಸಿಕ್ಕುವುದೇನೆಂದು ಕೇಳದೆ ಹಾರ ತುರಾಯಿ ಹಂಚುವುದು ನಮಗೆ ಒಗ್ಗದು.

ಗಿರಣಿಯ ಕೆಲಸಗಾರನಿಗೂ ಅಂಗಡಿಕಾರನಿಗೂ ಉಪ್ಪುನೀರಿನ ಕಾಂಡ್ಲಾ ಗಿಡಕ್ಕೂ ಏನು ಸಂಬಂಧ ಎನ್ನುವವರುಂಟು. ಸಂಬಂಧ ಸಂತೆಯಲ್ಲೇ ಇದೆ. ಕಾಂಡ್ಲಾ ಬೇರುಗಳ ಸಂದಿಯಲ್ಲಿ ಸೀಗಡಿ, ಏಡಿ, ಮೀನಿನ ಮರಿಗಳು ದೊಡ್ಡ ಮೀನಿಗೆ ತುತ್ತಾಗದೆ ಬೆಳೆಯುತ್ತವೆ. ಉದುರಿ ಕೊಳೆತ ಎಲೆಯೇ ಅವುಗಳ ಆಹಾರಕ್ಕೆ ಮೂಲ. ಗಿಡ ಕಡಿದರೆ ಬಲೆ ಬರಿದಾಗುತ್ತದೆ, ಬುಟ್ಟಿಯ ಬೆಲೆ ಏರುತ್ತದೆ, ಬಡವನ ಸಾರಿನಿಂದ ಮೀನು ಮಾಯವಾಗುತ್ತದೆ. ಅದೇ ಬೇರು ಅಲೆಯ ಹೊಡೆತವನ್ನು ತಡೆದು ಗಜನಿ ಗದ್ದೆಯ ಮಣ್ಣಿನ ಕಟ್ಟೆಯನ್ನು ಕಾಯುತ್ತದೆ. ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುವುದು ಆ ಗದ್ದೆಗಳಲ್ಲಿಯೇ.

ಇದು ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯಲ್ಲ. ತಿಳಿಯದಿದ್ದುದು ದುಡ್ಡಿಗೆ. 1990ರ ದಶಕದಲ್ಲಿ ಸೀಗಡಿ ಹೊಂಡದ ಹುಚ್ಚು ಕರಾವಳಿಗೆ ಹಬ್ಬಿತು. ಭತ್ತದ ಗದ್ದೆಗಳು ಹೊಂಡಗಳಾದವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದಡದ ನಿರ್ಬಂಧಿತ ವಲಯದೊಳಗಿನ ಇಂಥ ಹೊಂಡಗಳನ್ನು ಕೆಡವಲು ಆಜ್ಞೆ ಮಾಡಿತು. 2005ರಲ್ಲಿ ಪಾರ್ಲಿಮೆಂಟು ಹೊಸ ಕಾನೂನು ಮಾಡಿ ಹೊಂಡದ ಧಣಿಗಳನ್ನು ಆ ನಿರ್ಬಂಧದಿಂದಲೇ ಬಿಡಿಸಿತು. ಬಳಚು ಹೆಕ್ಕುವವಳ ಹಕ್ಕಿಗಾಗಿ ಇಂಥ ಮುತುವರ್ಜಿಯನ್ನು ಯಾರಾದರೂ ಕಂಡದ್ದುಂಟೆ?

2023ರಲ್ಲಿ ಕೇಂದ್ರ ಸರ್ಕಾರ 'ಮಿಷ್ಟಿ' ಎಂಬ ಯೋಜನೆ ಹೊರಡಿಸಿ ಕಾಂಡ್ಲಾ ಮತ್ತೆ ನೆಡುವ ಮಾತಾಡಿದೆ. ನೆಡಲಿ. ಆದರೆ ಬಳಚು ಸಿಗುವುದು ಬಯಲು ಕೆಸರಿನಲ್ಲಿ, ದಟ್ಟ ಗಿಡಗಳ ಬುಡದಲ್ಲಲ್ಲ. ಲೆಕ್ಕದ ಪುಸ್ತಕ ತುಂಬಲೆಂದು ಕಂಡ ಕೆಸರಿಗೆಲ್ಲ ಸಸಿ ಚುಚ್ಚಿದರೆ ಬಡವರ ಹೊಟ್ಟೆಗೆ ಹೊಡೆದಂತೆ. ಮೊದಲು ಗಿಡವಿದ್ದು ಕಡಿದುಹೋದ ಜಾಗ ಯಾವುದು, ಭರತದ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದು ಹಳ್ಳಿಯವರಿಗೆ ಗೊತ್ತು. ಪಾಳುಬಿದ್ದ ಹೊಂಡದ ಕಟ್ಟೆ ಒಡೆದು ನೀರು ಬಿಟ್ಟರೆ ಬೀಜ ತಾನೇ ತೇಲಿಬಂದು ಬೇರೂರುವುದೂ ಉಂಟು. ಅದಕ್ಕೆ ಕಂಟ್ರಾಕ್ಟರು ಬೇಕಿಲ್ಲ. ಬಹುಶಃ ಅದಕ್ಕೇ ಅದು ಅಧಿಕಾರಿಗಳ ಕಣ್ಣಿಗೆ ಬೀಳುವುದು ಕಡಿಮೆ.

ಎಲ್ಲಿ ನೆಡಬೇಕೆಂಬುದನ್ನು ಮೀನುಗಾರರ, ಬಳಚು ಹೆಕ್ಕುವವರ, ಗಜನಿ ರೈತರ ಸಭೆ ಕರೆದು ನಿಶ್ಚಯಿಸಬೇಕು. ನೆಡುವ ಕೂಲಿ ಆ ಊರಿನವರಿಗೇ ಸಲ್ಲಬೇಕು. ಗಿಡ ಬೆಳೆದ ಮೇಲೆ ಬೇಲಿ ಹಾಕಿ ಅವರನ್ನೇ ಹೊರಗಟ್ಟುವುದಾದರೆ ಈ ಪತ್ರಿಕೆ ಅದನ್ನು ವಿರೋಧಿಸುತ್ತದೆ.