ಹಮ್ಮುರಾಬಿಯೂ ಕಲ್ಯಾಣದ ಮಕ್ಕಳೂ

ಪ್ರಾಚೀನ ನಾಗರಿಕತೆಗಳ ಪಾಠವು ಈ ನಾಡಿನ ಪ್ರೌಢಶಾಲೆಗಳಲ್ಲಿ ಒಂದು ಬಗೆಯ ಶ್ರಾದ್ಧಕರ್ಮದಂತೆ ನಡೆದುಹೋಗುತ್ತಿದೆ. ಸತ್ತವರ ಹೆಸರುಗಳನ್ನು ಉಪಾಧ್ಯಾಯರು ಉಚ್ಚರಿಸುವರು, ಮಕ್ಕಳು ಮರುನುಡಿಯುವರು, ಪರೀಕ್ಷೆಯು ಮುಗಿದ ಮರುದಿನ ಸರ್ವವೂ ವಿಸ್ಮೃತಿ. ಹುಡುಗರಿಗೆ ಇತಿಹಾಸದಲ್ಲಿ ಆಸಕ್ತಿಯಿಲ್ಲವೆಂದು ದೂರುವವರು, ಆಸಕ್ತಿ ಹುಟ್ಟುವುದಕ್ಕೆ ತಾವು ಎಡೆಯನ್ನೆಲ್ಲಿ ಇಟ್ಟಿರುವೆವೆಂಬುದನ್ನು ಮೊದಲು ಹೇಳಲಿ.

ಬಸವಕಲ್ಯಾಣ, ಹುಮನಾಬಾದುಗಳ ಮಕ್ಕಳ ವಿಷಯದಲ್ಲಂತೂ ಈ ದೂರು ಶುದ್ಧ ಅನ್ಯಾಯ. ಬಾಬಿಲೋನಿನ ಹಮ್ಮುರಾಬಿಯು ಕ್ರಿಸ್ತಪೂರ್ವ 18ನೆಯ ಶತಮಾನದಲ್ಲಿ ಕಟ್ಟಳೆಗಳನ್ನು ಕಲ್ಲಿನಲ್ಲಿ ಕೆತ್ತಿಸಿದನು. 1901ರಲ್ಲಿ ಸೂಸಾದ ಹಾಳುನೆಲದಲ್ಲಿ ದೊರೆತ ಆ ಕಲ್ಲು ಪ್ಯಾರಿಸಿನಲ್ಲಿದೆ. ಇಷ್ಟನ್ನು ಬಾಯಿಪಾಠ ಮಾಡಿಸಿ ಮುಂದೆ ಸಾಗುವುದು ರೂಢಿ. ಆದರೆ ಆ ಕಲ್ಲು ಹೇಳುವುದೇನು? ತಂದೆಯು ಮೆಚ್ಚಿನ ಮಗನಿಗೆ ಹೊಲಮನೆಗಳನ್ನು ಬರೆದುಕೊಟ್ಟಿದ್ದರೆ, ಅವನು ಸತ್ತ ಬಳಿಕ ಅವು ಆ ಮಗನಿಗೇ ಸಲ್ಲತಕ್ಕವು. ಮಿಕ್ಕುದನ್ನು ಅಣ್ಣತಮ್ಮಂದಿರು ಸಮನಾಗಿ ಹಂಚಿಕೊಳ್ಳತಕ್ಕದ್ದು. ಪಾಲಿನ ಮಾತು ಯಾವ ಒಕ್ಕಲುಮನೆಯ ಹುಡುಗನಿಗೆ ಹೊಸದು?

ಇದೇ ತೊಡಕಿಗೆ ಬೇರೊಂದು ಉತ್ತರವು ಹೊರಟದ್ದು ಕಲ್ಯಾಣದಿಂದಲೇ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನವು, ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಸಾಧಿಸಿತು. ಬಂಗಾಳವನ್ನುಳಿದು ಭರತಖಂಡದ ಬಹುಭಾಗದ ನ್ಯಾಯಸ್ಥಾನಗಳು ಅದನ್ನೇ ಪ್ರಮಾಣವೆಂದೆಣಿಸಿದವು. ಮಗಳಿಗೂ ಆ ಜನ್ಮಸಿದ್ಧ ಹಕ್ಕು ದೇಶಾದ್ಯಂತ ದೊರೆತದ್ದು 2005ರ ತಿದ್ದುಪಡಿಯಿಂದ. ಹಕ್ಕು ಬರುವುದು ಮಗು ಹುಟ್ಟಿದಾಗಲೋ, ತಂದೆ ಸತ್ತಾಗಲೋ ಎಂದು ಉಪಾಧ್ಯಾಯನು ಕೇಳಿ ನೋಡಲಿ. ತರಗತಿಯ ಹೆಣ್ಣುಮಕ್ಕಳು ಸುಮ್ಮನೆ ಕುಳಿತಿರುವರೇ?

ಮಿತಾಕ್ಷರೆಯು ಪ್ರಾಚೀನವಲ್ಲ, ಬಾಬಿಲೋನಿಗೂ ಅದಕ್ಕೂ ಎರಡೂವರೆ ಸಾವಿರಕ್ಕೆ ಮಿಕ್ಕ ವರ್ಷಗಳ ಅಂತರವೆಂದು ಪಂಡಿತರು ಆಕ್ಷೇಪಿಸಬಹುದು. ನಿಜ. ಒಂದರಿಂದ ಇನ್ನೊಂದು ಬಂದಿತೆಂದು ಹೇಳುವುದಕ್ಕಲ್ಲ ಈ ಹೋಲಿಕೆ. ಒಂದೇ ತೊಡಕನ್ನು ಭಿನ್ನ ಜನರು ಭಿನ್ನವಾಗಿ ಬಿಡಿಸಿದರೆಂದು ತೋರಿಸುವುದಕ್ಕೆ. ಪೂರ್ವಿಕರ ಹೊಗಳಿಕೆಯೂ ಇದರ ಗುರಿಯಲ್ಲ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇಗುಲದ ಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ವಿಕ್ರಮಾದಿತ್ಯನ ಸ್ತುತಿಯನ್ನು ಬರೆಯುತ್ತ ನಿಂತಿದ್ದಾಳೆ. ಹಮ್ಮುರಾಬಿಯ ಕಲ್ಲಿನ ಪೀಠಿಕೆಯೂ ಆತ್ಮಸ್ತುತಿಯೇ. ಅರಸರು ಕಲ್ಲಿನ ಬಾಯಿಂದ ಹೇಳಿಸಿದ್ದನ್ನೆಲ್ಲ ನಂಬಬೇಕೇ ಎಂದು ಸಂದೇಹಪಡುವುದನ್ನು ಮಕ್ಕಳು ಅಲ್ಲಿಯೇ ಕಲಿಯಬಹುದು.

ಪಠ್ಯವನ್ನು ಮುಗಿಸುವುದಕ್ಕೇ ವೇಳೆಯಿಲ್ಲವೆಂಬುದು ಕಡೆಯ ನೆವ. ಮರೆಯತಕ್ಕದ್ದನ್ನು ವರ್ಷವಿಡೀ ಕಲಿಸಲು ವೇಳೆಯುಳ್ಳವರಿಗೆ, ಮರೆಯಲಾಗದ್ದನ್ನು ಒಂದು ಗಂಟೆ ಕಲಿಸಲು ವೇಳೆಯಿಲ್ಲವೇ?