ಹಲ್ಲು ಕಟ್ಟಿಸುವ ಮುನ್ನ

ಕಳೆದ ತಿಂಗಳು ನಮಗೆ ಬಂದ ಪತ್ರಗಳಲ್ಲಿ ಒಂದನ್ನು ಪ್ರತ್ಯೇಕವಾಗಿ ತೆಗೆದಿರಿಸಿದ್ದೆವು. ಬರೆದವರು ಹಾವೇರಿ ಜಿಲ್ಲೆಯ ಒಬ್ಬ ಗೃಹಸ್ಥರು. ಅವರ ತಾಯಿಯವರಿಗೆ 68 ವರ್ಷ, ಸಕ್ಕರೆ ಕಾಯಿಲೆಯುಂಟು. ಬಾಯಲ್ಲಿ ಸ್ವಂತದ ಹಲ್ಲು ಒಂದೂ ಉಳಿದಿಲ್ಲ. ಆರು ವರ್ಷಗಳ ಹಿಂದೆ ಕಟ್ಟಿಸಿದ ಸೆಟ್ಟಿನಲ್ಲಿ ಮೇಲಿನದು ಭದ್ರವಾಗಿ ಕೂತಿದೆ, ಕೆಳಗಿನದು ಮಾತನಾಡುವಾಗಲೇ ಮೇಲೆದ್ದು ಬರುತ್ತದೆ. ಆ ತಾಯಿ ಮೊದಲು ಖಡಕ್ ರೊಟ್ಟಿಯನ್ನು ಬಿಟ್ಟರು, ಅನಂತರ ಕಾಳುಪಲ್ಯವನ್ನು ಬಿಟ್ಟರು, ಈಗ ಎರಡು ವರ್ಷಗಳಿಂದ ಮದುವೆ ಮುಂಜಿಗಳ ಪಂಕ್ತಿಗೆ ಕೂರುವುದನ್ನೇ ಬಿಟ್ಟಿದ್ದಾರೆ. ಮೂವರು ದಂತವೈದ್ಯರು ಮೂರು ದಾರಿ ತೋರಿಸಿದ್ದಾರೆ: ಒಬ್ಬರು ಹೊಸ ಸೆಟ್ಟು ಮಾಡಿಸಿರೆಂದರು, ಇನ್ನೊಬ್ಬರು ಎರಡು ಇಂಪ್ಲಾಂಟ್ ಹಾಕಿ ಅದಕ್ಕೆ ಸೆಟ್ಟನ್ನು ಸಿಕ್ಕಿಸೋಣವೆಂದರು, ಮೂರನೆಯವರು ನಾಲ್ಕು ಇಂಪ್ಲಾಂಟ್ ಹಾಕಿ ಹಲ್ಲಿನ ಸಾಲನ್ನು ಕಾಯಂ ಆಗಿ ಬಿಗಿದುಬಿಡೋಣವೆಂದರು. "ಈ ವಯಸ್ಸಿನಲ್ಲಿ ಇಷ್ಟು ಖರ್ಚೇಕೆ" ಎಂಬುದು ಪತ್ರ ಬರೆದವರ ಅಣ್ಣನವರ ವಾದ. ತಾಯಿಯವರು "ನನಗೇನೂ ಬೇಡ, ಗಂಜಿ ಸಾಕು" ಎನ್ನುತ್ತಾರಂತೆ.

ನಾವು ವೈದ್ಯರಲ್ಲ, ಮಠದಲ್ಲಿ ವ್ಯಾಕರಣ ಓದಿದವರು. ಆದರೂ ಹಲ್ಲಿನ ವಿಷಯದಲ್ಲಿ ವ್ಯಾಕರಣಕ್ಕೊಂದು ಮಾತಿನ ಹಕ್ಕುಂಟು. ತ, ಥ, ದ, ಧ, ನ ಇವುಗಳನ್ನು ದಂತ್ಯಗಳೆಂದು ಕರೆದದ್ದು ವ್ಯರ್ಥವಾಗಿ ಅಲ್ಲ. ಹಲ್ಲು ಹೋದವರು ಮೊದಲು ಕಳೆದುಕೊಳ್ಳುವುದು ರೊಟ್ಟಿಯನ್ನಲ್ಲ, ಸ್ಪಷ್ಟವಾದ ಮಾತನ್ನು; ಮಾತು ತೊದಲಿದಾಗ ಮೊಮ್ಮಕ್ಕಳು ನಗುತ್ತಾರೆ, ಆಮೇಲೆ ಹಿರಿಯರು ಸುಮ್ಮನಾಗುತ್ತಾರೆ. ಆದುದರಿಂದ ಈ ವಿಷಯವನ್ನು ತಿಳಿದ ದಂತವೈದ್ಯರೊಡನೆ ಕುಳಿತು ಕೇಳಿ, ಓದಿ, ನಮಗೆ ಮನವರಿಕೆಯಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಈ ಇಂಪ್ಲಾಂಟ್ ಎಂಬುದು ಏನು? ದವಡೆಯ ಎಲುಬಿನೊಳಗೆ ಕೂರಿಸುವ ಟೈಟಾನಿಯಂ ಲೋಹದ ಒಂದು ಸಣ್ಣ ತಿರುಪು ಮೊಳೆ. ದಪ್ಪ ಸಾಮಾನ್ಯವಾಗಿ ಮೂರೂವರೆಯಿಂದ ಐದು ಮಿಲಿಮೀಟರ್, ಉದ್ದ ಎಂಟರಿಂದ ಹದಿಮೂರು. ಅದು ಹಲ್ಲಿನ ಬೇರಿನ ಸ್ಥಾನದಲ್ಲಿ ನಿಲ್ಲುತ್ತದೆ. ಹಲ್ಲನ್ನು ಆಮೇಲೆ ಅದರ ಮೇಲೆ ಜೋಡಿಸುತ್ತಾರೆ. ಇದರ ಹುಟ್ಟೂ ಒಂದು ಸ್ವಾರಸ್ಯದ ಕಥೆ. ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೊನೆಮಾರ್ಕ್ ಎಂಬ ವೈದ್ಯವಿಜ್ಞಾನಿ 1952ರಲ್ಲಿ ಮೊಲದ ಕಾಲೆಲುಬಿನೊಳಗೆ ಟೈಟಾನಿಯಂನ ಪುಟ್ಟ ಕೊಳವೆಯೊಂದನ್ನಿಟ್ಟು ರಕ್ತ ಸಂಚಾರವನ್ನು ನೋಡುತ್ತಿದ್ದರು. ಕೆಲಸ ಮುಗಿದು ಕೊಳವೆಯನ್ನು ತೆಗೆಯಹೋದರೆ ಅದು ಬರಲೊಲ್ಲದು. ಎಲುಬು ಅದನ್ನು ತನ್ನದೆಂದೇ ಹಿಡಿದುಕೊಂಡಿತ್ತು. ಅವರು ಹುಡುಕಿದ್ದು ಒಂದು, ದೊರೆತದ್ದು ಇನ್ನೊಂದು. 1965ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಗೋಸ್ಟಾ ಲಾರ್ಸನ್ ಎಂಬಾತನ ಕೆಳದವಡೆಗೆ ಈ ಮೊಳೆಗಳನ್ನು ಕೂರಿಸಿದರು. ಹುಟ್ಟಿನಿಂದಲೇ ದವಡೆಯ ವಿಕಾರವುಳ್ಳ, ಹಲ್ಲಿಲ್ಲದೆ ಬಳಲಿದ್ದ ಮನುಷ್ಯ ಆತ. 2006ರಲ್ಲಿ ಆತ ತೀರಿಕೊಂಡಾಗ, ಎಂದರೆ 40 ವರ್ಷಗಳು ಕಳೆದ ಮೇಲೆಯೂ, ಆ ಹಲ್ಲುಗಳು ಬಾಯಲ್ಲಿ ಕೆಲಸ ಮಾಡುತ್ತಲೇ ಇದ್ದವು. ಇದು ನೆಚ್ಚಬಹುದಾದ ವಿದ್ಯೆಯೇ ಸರಿ. ಯೋಗ್ಯರಿಗೆ ಯೋಗ್ಯವಾಗಿ ಹಾಕಿದರೆ ಹತ್ತು ವರ್ಷಗಳ ಬಳಿಕ 100ರಲ್ಲಿ 90ಕ್ಕಿಂತ ಹೆಚ್ಚು ಮೊಳೆಗಳು ಉಳಿದಿರುತ್ತವೆಂದು ಬಲ್ಲವರು ಹೇಳುತ್ತಾರೆ.

ಈಗ ಪತ್ರದ ತಾಯಿಯವರ ಕಡೆಗೆ ಬರೋಣ. ಮೇಲಿನ ಸೆಟ್ಟು ನಿಲ್ಲುತ್ತದೆ, ಕೆಳಗಿನದು ನಿಲ್ಲದು. ಇದು ಆಕೆಯೊಬ್ಬರ ದುರದೃಷ್ಟವಲ್ಲ. ಮೇಲಿನ ಸೆಟ್ಟಿಗೆ ಅಂಗುಳಿನ ಅಗಲವಾದ ಆಸರೆಯುಂಟು. ಎಂಜಲಿನ ತೆಳುಪರೆಯ ಮೇಲೆ ಅದು ಹೀರಿದಂತೆ ಅಂಟಿ ನಿಲ್ಲುತ್ತದೆ. ಕೆಳಗಿನದಕ್ಕೆ ಇರುವುದು ಕುದುರೆಲಾಳದ ಆಕಾರದ ಕಿರಿದಾದ ದಿಣ್ಣೆ ಮಾತ್ರ. ನಡುವೆ ನಾಲಿಗೆ, ಹೊರಗೆ ಕೆನ್ನೆ. ಎರಡೂ ಅದನ್ನು ತಳ್ಳುತ್ತಲೇ ಇರುತ್ತವೆ. ಅದೂ ಅಲ್ಲದೆ ಹಲ್ಲು ಕಿತ್ತ ಮೇಲೆ ಎಲುಬು ಸವೆಯತೊಡಗುತ್ತದೆ, ಮೇಲಿನದಕ್ಕಿಂತ ಕೆಳಗಿನ ದಿಣ್ಣೆ ಬೇಗ ಸವೆಯುತ್ತದೆ. ಆದಕಾರಣ ಮೊದಲನೆಯ ವೈದ್ಯರು ಹೇಳಿದಂತೆ ಹೊಸ ಸೆಟ್ಟು ಮಾಡಿಸಿದರೆ ಒಂದೆರಡು ವರ್ಷ ಸ್ವಲ್ಪ ಸುಧಾರಿಸೀತು. ಮೂಲದ ತೊಂದರೆ ಇದ್ದಲ್ಲಿಯೇ ಇರುತ್ತದೆ. ಖರ್ಚು ಕಡಿಮೆ, ಕೊಯ್ತವಿಲ್ಲ, ಅಪಾಯವಿಲ್ಲ ಎಂಬುದು ನಿಜ. ಕೈಯಲ್ಲಿ ಹಣವಿಲ್ಲದ ಮನೆಗೆ, ಶಸ್ತ್ರಕ್ರಿಯೆ ತಾಳದ ದೇಹಕ್ಕೆ ಅದೇ ಸರಿಯಾದ ದಾರಿ. ಅದನ್ನು ಯಾರೂ ಹೀಗಳೆಯಬಾರದು.

ಮೂರನೆಯ ವೈದ್ಯರ ದಾರಿ ಪೋರ್ಚುಗಲ್ಲಿನ ಪೌಲೋ ಮಾಲೋ ಎಂಬ ದಂತವೈದ್ಯರು ಬಳಕೆಗೆ ತಂದದ್ದು. ಮುಂದೆ ಎರಡು ಮೊಳೆ ನೇರವಾಗಿ, ಹಿಂದೆ ಎರಡು ಓರೆಯಾಗಿ. ಅವುಗಳ ಮೇಲೆ ಹಲ್ಲಿನ ಇಡೀ ಸಾಲು. ಹಲವರಿಗೆ ಅಂದೇ ತಾತ್ಕಾಲಿಕ ಹಲ್ಲು ಕೂರಿಸಿ ಮನೆಗೆ ಕಳಿಸುತ್ತಾರೆ. ರಾತ್ರಿ ತೆಗೆದಿಡುವ ಕೆಲಸವಿಲ್ಲ, ಸ್ವಂತದ ಹಲ್ಲೇ ಇದ್ದಂತೆ. ಐವತ್ತರ ಆಸುಪಾಸಿನ, ಕೈ ಚುರುಕಾಗಿರುವ, ಹಣವುಳ್ಳವರಿಗೆ ಇದು ಮೇಲಾದ ದಾರಿಯೆಂದು ಒಪ್ಪಬೇಕು. ಆದರೆ ಆ ಸಾಲಿನ ಅಡಿಯಲ್ಲಿ ಸೇರುವ ಅಗುಳನ್ನು ಸಣ್ಣ ಕುಂಚದಿಂದ ದಿನವೂ ತೆಗೆಯಬೇಕು. ಮೊಳೆಗೆ ಹುಳುಕು ಹಿಡಿಯದು, ನಿಜ. ಅದರ ಸುತ್ತಲಿನ ವಸಡಿಗೆ ಕೀವು ಹಿಡಿಯುತ್ತದೆ, ಎಲುಬು ಕರಗುತ್ತದೆ, ನೋವು ತಡವಾಗಿ ಕಾಣಿಸಿಕೊಳ್ಳುತ್ತದೆ. ಇಂದು 68 ಇರುವವರಿಗೆ ಮುಂದೆ 78 ಆಗುತ್ತದೆ. ಆಗ ಕೈ ನಡುಗಬಹುದು, ಕಣ್ಣು ಮಂಜಾಗಬಹುದು. ಬಾಯಿಯೊಳಗಿನ ಬಿಗಿದ ಸಾಲನ್ನು ಸೊಸೆ ತಿಕ್ಕಿ ಕೊಡಲಾದೀತೇ? ವೈದ್ಯರು ಈ ಪ್ರಶ್ನೆ ಕೇಳುವುದು ಕಡಿಮೆ, ಮನೆಯವರೇ ಕೇಳಿಕೊಳ್ಳಬೇಕು.

ನಮ್ಮ ಮನಸ್ಸು ಎರಡನೆಯ ದಾರಿಯ ಕಡೆಗೆ ವಾಲುತ್ತದೆ. ಕೆಳದವಡೆಯ ಮುಂಭಾಗದಲ್ಲಿ ಎರಡೇ ಮೊಳೆ. ಅವುಗಳ ತಲೆಗೆ ಒತ್ತುಗುಂಡಿಯಂತಹ ಹಿಡಿಕೆ. ಸೆಟ್ಟಿನ ಅಡಿಯಲ್ಲಿ ಅದಕ್ಕೊಪ್ಪುವ ಗೂಡು. ಕುಪ್ಪಸದ ಗುಂಡಿ ಒತ್ತಿದಂತೆ ಒತ್ತಿದರೆ ಕೂರುತ್ತದೆ, ಎತ್ತಿದರೆ ಬರುತ್ತದೆ. ರಾತ್ರಿ ತೆಗೆದು ತೊಳೆದಿಡಬಹುದು. ನಾಳೆ ಆ ತಾಯಿಗೆ ಆಗದಿದ್ದರೆ ಇನ್ನೊಬ್ಬರು ತೊಳೆದುಕೊಡಬಹುದು. ಮುಂಭಾಗದ ಎಲುಬು ಗಟ್ಟಿ; ಕೆಳತುಟಿಗೆ ಸ್ಪರ್ಶ ಕೊಡುವ ನರದಿಂದ ಆ ಸ್ಥಳ ದೂರ. ಕೆನಡಾದ ಮಾಂಟ್ರಿಯಲ್‌ನಲ್ಲಿ 2002ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಮೊದಲು ಸೂಚಿಸಬೇಕಾದುದು ಬರಿಯ ಸೆಟ್ಟನ್ನಲ್ಲ, ಎರಡು ಮೊಳೆಗಳ ಮೇಲೆ ಸಿಕ್ಕಿಸುವ ಈ ಸೆಟ್ಟನ್ನೇ ಎಂದು ಅಭಿಪ್ರಾಯ ಕೊಟ್ಟರು. ಒಂದು ಕೊರತೆಯನ್ನೂ ಹೇಳಬೇಕು: ಗೂಡಿನೊಳಗಿನ ನೈಲಾನ್ ಬಳೆ ಸವೆಯುತ್ತದೆ, ವರ್ಷಕ್ಕೋ ಎರಡು ವರ್ಷಕ್ಕೋ ಬದಲಾಯಿಸಬೇಕು. ಅದು ಸಣ್ಣ ಕೆಲಸ.

ಸಕ್ಕರೆ ಕಾಯಿಲೆ ಇದ್ದರೆ ಇಂಪ್ಲಾಂಟ್ ಕೂಡದೆಂಬುದು ತಪ್ಪು ತಿಳಿವಳಿಕೆ. ಹತೋಟಿಯಲ್ಲಿಲ್ಲದಿದ್ದರೆ ಕೂಡದು. ಎಚ್‌ಬಿಎ1ಸಿ ಎಂಬ ಮೂರು ತಿಂಗಳ ಸರಾಸರಿಯ ಪರೀಕ್ಷೆ ಮಾಡಿಸಿ, ಅದು ಏಳರ ಆಸುಪಾಸಿಗೆ ಬಂದ ಮೇಲೆ ಮುಂದುವರಿಯುವುದು ಕ್ಷೇಮ. ಇದಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದದ್ದು ಎಲುಬು ಸವೆತಕ್ಕೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೋನೇಟ್ ಮಾತ್ರೆ, ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೋನಿಕ್ ಚುಚ್ಚುಮದ್ದು ಇವುಗಳ ವಿಷಯದಲ್ಲಿ. ಇವನ್ನು ತೆಗೆದುಕೊಂಡವರ ದವಡೆಯ ಗಾಯ ಕೆಲವೊಮ್ಮೆ ಮಾಯದೆ ಎಲುಬೇ ಸಾಯುವುದುಂಟು. ಮಂಡಿನೋವಿಗೆ, ಸೊಂಟನೋವಿಗೆ ಎಂದು ಯಾವಾಗಲೋ ಕೊಟ್ಟ ಚುಚ್ಚುಮದ್ದನ್ನು ಹಲ್ಲಿನ ವೈದ್ಯರಿಗೆ ಹೇಳುವುದು ನಮ್ಮ ಮಹಿಳೆಯರಿಗೆ ಹೊಳೆಯುವುದೇ ಇಲ್ಲ; ಹಳೆಯ ಚೀಟಿಗಳನ್ನೆಲ್ಲ ಕೊಂಡೊಯ್ಯುವುದು ಒಳ್ಳೆಯದು. ಇನ್ನು ತಂಬಾಕು, ಗುಟ್ಕಾ ಬಿಡಲಾರದವರು ಇಂಪ್ಲಾಂಟಿನ ಹಣವನ್ನು ಬ್ಯಾಂಕಿನಲ್ಲಿಟ್ಟುಕೊಳ್ಳುವುದೇ ಲೇಸು. ಅಡಿಕೆ ಅಗಿದು ಅಗಿದು ಬಾಯಿ ಎರಡು ಬೆರಳಷ್ಟೂ ತೆರೆಯದಂತಾದವರಿಗೆ ಮೊಳೆ ಕೂರಿಸುವ ಉಪಕರಣವನ್ನು ಒಳಗೆ ಒಯ್ಯುವುದೇ ಕಷ್ಟ.

ಒಂದೇ ಹಲ್ಲು ಹೋದ ಕಿರಿಯರೂ ಈ ಪುಟವನ್ನು ಓದುತ್ತಾರೆ, ಅವರಿಗೊಂದು ಮಾತು. ಬ್ರಿಜ್ ಕಟ್ಟಿಸಬೇಕಾದರೆ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಬೇಕು. ಅವು ಮೊದಲೇ ಹುಳುಕು ತುಂಬಿಸಿದ, ಟೋಪಿ ಹಾಕಿಸಬೇಕಾದ ಹಲ್ಲುಗಳಾಗಿದ್ದರೆ ಬ್ರಿಜ್ಜೇ ವಾಸಿ. ಅವು ನಿರ್ಮಲವಾಗಿದ್ದರೆ, ನೆರೆಮನೆ ಬಿದ್ದಿತೆಂದು ತನ್ನ ಮನೆಯ ಗೋಡೆ ಕೆಡವಿದಂತಾಗುತ್ತದೆ. ಅಲ್ಲಿ ಇಂಪ್ಲಾಂಟ್ ಮೇಲು. ಬಿಳಿಯ ಜಿರ್ಕೋನಿಯಾ ಮೊಳೆಗಳೂ ಈಗ ದೊರೆಯುತ್ತವೆ. ಮುಂದಿನ ಹಲ್ಲಿನಲ್ಲಿ, ವಸಡು ತೆಳುವಾಗಿರುವಲ್ಲಿ ಅದರ ಬಣ್ಣಕ್ಕೆ ಬೆಲೆಯುಂಟು. ಮಿಕ್ಕ ಕಡೆ ಟೈಟಾನಿಯಂನಷ್ಟು ದೀರ್ಘಕಾಲದ ಅನುಭವ ಅದರ ಬೆನ್ನಿಗಿಲ್ಲ.

ಖರ್ಚಿನ ಮಾತು. ನಮ್ಮ ನಗರಗಳ ಖಾಸಗಿ ಚಿಕಿತ್ಸಾಲಯಗಳಲ್ಲಿ ಒಂದು ಮೊಳೆಗೆ, ಮೇಲಿನ ಹಲ್ಲೂ ಸೇರಿ, ಸಾಮಾನ್ಯವಾಗಿ 25 ಸಾವಿರದಿಂದ 50 ಸಾವಿರ ರೂಪಾಯಿಗಳವರೆಗೆ ಕೇಳುತ್ತಾರೆ; ಕಾಯಂ ಸಾಲಿಗೆ ಲಕ್ಷಗಳ ಲೆಕ್ಕ. ದಾವಣಗೆರೆಯ ಬಾಪೂಜಿ, ಬೆಳಗಾವಿಯ ಕೆ.ಎಲ್.ಇ., ಮೈಸೂರಿನ ಜೆ.ಎಸ್.ಎಸ್., ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಮೊದಲಾದ ಬೋಧನಾ ಸಂಸ್ಥೆಗಳಲ್ಲಿ ವಿಚಾರಿಸುವುದು ಉತ್ತಮ. ಇಂಥಲ್ಲಿ ಹೊರಗಿನದಕ್ಕಿಂತ ವೆಚ್ಚ ಕಡಿಮೆಯಾಗುವುದುಂಟು, ಆದರೆ ಹತ್ತಾರು ಸಲ ತಿರುಗಬೇಕಾದೀತು. ಕಂಪನಿಗಳು ಹಲವು: ಸ್ವಿಟ್ಜರ್ಲೆಂಡಿನ ಸ್ಟ್ರಾಮನ್, ಸ್ವೀಡನ್ನಿನಲ್ಲಿ ಹುಟ್ಟಿದ ನೊಬೆಲ್ ಬಯೋಕೇರ್, ಕೊರಿಯಾದ ಆಸ್ಟೆಮ್ ಇತ್ಯಾದಿ. ಯಾವುದೇ ಆಗಲಿ, ಅದರ ಹೆಸರು, ಅಳತೆ, ತಯಾರಿಕೆಯ ಸಂಖ್ಯೆ ಇರುವ ಚೀಟಿಯನ್ನು ಕೇಳಿ ಪಡೆದು ಆಧಾರ್ ಕಾರ್ಡಿನ ಜೊತೆಯಲ್ಲಿಡಬೇಕು. ಹತ್ತು ವರ್ಷಗಳ ಮೇಲೆ ತಿರುಪು ಸಡಿಲವಾದಾಗ ಒಂದು ಕಂಪನಿಯ ಕೀಲಿ ಇನ್ನೊಂದಕ್ಕೆ ಹೊಂದದು.

ಅಣ್ಣನವರಿಗೆ ನಮ್ಮ ವಿನಂತಿ ಇಷ್ಟೇ: ತಾಯಿಯವರು "ಬೇಡ" ಎಂದದ್ದನ್ನು ಉತ್ತರವೆಂದು ಎಣಿಸಬೇಡಿ. ಆ ತಲೆಮಾರಿನವರು ಹೊಸ ಸೀರೆಗೂ ಬೇಡವೆನ್ನುತ್ತಾರೆ, ಕನ್ನಡಕಕ್ಕೂ ಬೇಡವೆನ್ನುತ್ತಾರೆ. ಹಣದ ಮಾತು ತೆಗೆಯದೆ, ಮಕ್ಕಳಿಬ್ಬರೂ ಇಲ್ಲದ ವೇಳೆಯಲ್ಲಿ, ವೈದ್ಯರೇ ಆಕೆಯನ್ನು ಕೂರಿಸಿಕೊಂಡು ಏನು ತಿನ್ನಬೇಕೆಂದು ಮನಸ್ಸಿದೆ ಎಂದು ಕೇಳಲಿ. ಶಸ್ತ್ರಕ್ರಿಯೆಯ ಭಯವೇ ಕಾರಣವೆಂದು ತಿಳಿದುಬಂದರೆ ಬಲವಂತ ಬೇಡ. ಹೊಸ ಸೆಟ್ಟು ಮಾಡಿಸಿ. ಖರ್ಚಿನ ಸಂಕೋಚವೇ ಕಾರಣವಾದರೆ ಆ ಭಾರ ಮಕ್ಕಳದು. ಒಪ್ಪಿದ ಪಕ್ಷದಲ್ಲಿ ಎಲುಬಿನ ಅಗಲವನ್ನೂ ಎತ್ತರವನ್ನೂ ತೋರಿಸುವ ಸಿಬಿಸಿಟಿ ಚಿತ್ರ ತೆಗೆಸಿ. ಮೊಳೆ ಕೂರಿಸಿದ ಮೇಲೆ ಕೆಳದವಡೆಯ ಎಲುಬು ಹಿಡಿಯಲು ಮೂರು ತಿಂಗಳು ಎಂದಿಟ್ಟುಕೊಳ್ಳಿ. ಆ ಅವಧಿಯಲ್ಲಿ ಈಗಿರುವ ಕೆಳಗಿನ ಸೆಟ್ಟನ್ನು, ಎಷ್ಟೇ ಸಡಿಲವಾಗಿದ್ದರೂ, ಎಸೆಯಬೇಡಿ. ಅದು ಮುರಿಯದೆ ಗಟ್ಟಿಯಾಗಿದ್ದರೆ ಅಡಿಯನ್ನು ಸ್ವಲ್ಪ ಕೊರೆದು, ಹೊಸದಾಗಿ ತಳ ಹಾಕಿ, ಅದರಲ್ಲಿಯೇ ಆ ಎರಡು ಗೂಡುಗಳನ್ನು ಕೂರಿಸಲು ಬರುವುದುಂಟು. ಹೊಸ ಸೆಟ್ಟಿನ ಖರ್ಚು ಉಳಿಯುತ್ತದೆ, ನಾಲಿಗೆಗೂ ಅದೇ ಪರಿಚಯದ ಹಲ್ಲು.