ಓದಿಗೂ ಗುಳೆ ಹೋಗಬೇಕೇ?

ಗುಳೆ ಎಂದರೇನೆಂದು ಪಾಮನಕಲ್ಲೂರು ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮುದುಕರನ್ನು ಊರಲ್ಲಿ ಬಿಟ್ಟು, ಗಂಟು ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುವುದೇ ಗುಳೆ. ಆದರೆ ಪುಸ್ತಕದ ಗಂಟು ಹೊತ್ತು ಪರದೇಶಕ್ಕೆ ಹೋಗುವುದಕ್ಕೆ ಮಾತ್ರ ದೊಡ್ಡವರು ‘ಉನ್ನತ ವ್ಯಾಸಂಗ’ ಎಂಬ ಚೆಂದದ ಹೆಸರಿಟ್ಟಿದ್ದಾರೆ. ಅದೂ ಗುಳೆಯೇ ಎಂದು ನಾವು ಹೇಳುತ್ತೇವೆ.

ಯುಕ್ರೇನನ್ನೇ ನೋಡಿರಿ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ನುಂಗಿತು. ಅದೇ ವರ್ಷ ದೊನೆತ್ಸ್ಕ್, ಲುಹಾನ್ಸ್ಕ್ ಪ್ರಾಂತಗಳು ಬಂದೂಕಿನಿಂದ ಹೋಳಾದವು. ಅಲ್ಲಿ ವೈದ್ಯಕೀಯ ಓದುತ್ತಿದ್ದ ಭಾರತದ ಮಕ್ಕಳು ಆಗಲೇ ಜಾಗ ಬಿಡಬೇಕಾಯಿತು. ಅಷ್ಟಾದರೂ ಆ ದೇಶಕ್ಕೆ ನಮ್ಮ ಮಕ್ಕಳ ಗುಳೆ ನಿಲ್ಲಲಿಲ್ಲ. 2022ರ ಫೆಬ್ರವರಿ 24ರಂದು ಯುದ್ಧ ಹೊತ್ತಿಕೊಂಡಾಗ ಅಲ್ಲಿ 18ರಿಂದ 20 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಷೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಶೇ. 97 ಅಂಕ ಪಡೆದರೂ ಇಲ್ಲಿ ಸೀಟು ಸಿಗಲಿಲ್ಲವೆಂದು ಹೆತ್ತ ತಂದೆಯೇ ಹೇಳಿದರು.

ಬೆಂಕಿಯ ಮಗ್ಗುಲಿಗೆ ಮಕ್ಕಳನ್ನು ಕಳಿಸುವ ತಂದೆತಾಯಿಗಳು ಹುಚ್ಚರೇ? ಅಲ್ಲ, ಅವರಿಗೆ ಲೆಕ್ಕ ಬರುತ್ತದೆ. ಇಲ್ಲಿ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟೆಂದರೆ ಕೋಟಿ ರೂಪಾಯಿಯ ಮಾತು. ಯುಕ್ರೇನಿನಲ್ಲಿ ಆರು ವರ್ಷದ ಓದು ಸುಮಾರು 20–25 ಲಕ್ಷದಲ್ಲಿ ಮುಗಿಯುತ್ತಿತ್ತು. ಹೊಲ ಮಾರಿ, ಅಂಗಡಿಯ ಮೇಲೆ ಸಾಲ ಎತ್ತಿ ಸಣ್ಣ ವ್ಯಾಪಾರಿ ಇಷ್ಟನ್ನು ಹೇಗೋ ಹೊಂದಿಸಿಯಾನು. ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವವನ ಮಗಳಿಗೆ ಅದೂ ಇಲ್ಲ, ಇದೂ ಇಲ್ಲ.

ವಿದೇಶದಲ್ಲಿ ವೈದ್ಯಕೀಯ ಓದಿದವರಲ್ಲಿ ಶೇ. 90ರಷ್ಟು ಮಂದಿ ಇಲ್ಲಿನ ಅರ್ಹತಾ ಪರೀಕ್ಷೆಯಲ್ಲಿ ಫೇಲಾಗುತ್ತಾರೆಂದು ಕೇಂದ್ರ ಮಂತ್ರಿ ಪ್ರಹ್ಲಾದ ಜೋಶಿಯವರು ಆ ದಿನಗಳಲ್ಲೇ ನುಡಿದರು. ಬಹಳ ಮಂದಿ ಫೇಲಾಗುವುದು ನಿಜವೇ. ಆದರೆ ನೀಟ್‌ನಲ್ಲಿ ಕೆಳಗಿನ ರ‍್ಯಾಂಕು ಬಂದರೂ ಕೋಟಿ ಸುರಿದವನಿಗೆ ಇಲ್ಲಿಯೇ ಸೀಟು. ಅವನಿಗೆ ಆ ಪರೀಕ್ಷೆಯ ಗೊಡವೆಯೇ ಇರಲಿಲ್ಲ. ಇದು ಯಾವ ನ್ಯಾಯ, ಸ್ವಾಮಿ? ಜೀವ ಉಳಿಸಿಕೊಂಡು ಬಂದವರನ್ನು ನಮ್ಮ ಕಾಲೇಜುಗಳಿಗೆ ಸೇರಿಸಿಕೊಳ್ಳಲೂ ಕೇಂದ್ರ ಸರ್ಕಾರ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2023ರಲ್ಲಿ, ಓದಿನ ಕೊನೆ ಹಂತದವರಿಗೆ ಮಾತ್ರ ಪರೀಕ್ಷೆಯ ಒಂದು ಅವಕಾಶ ದೊರೆಯಿತು.

ನಮ್ಮ ಜಿಲ್ಲೆಯ ಪಾಡೇನು? ರಾಯಚೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2007ರಲ್ಲಿ. ಸಂವಿಧಾನದ 371ಜೆ ವಿಧಿ ನಮ್ಮ ಭಾಗದ ಮಕ್ಕಳಿಗೆ ಸೀಟು ಮೀಸಲಿಟ್ಟಿತು. ಅದು ಹೋರಾಡಿ ಪಡೆದ ಹಕ್ಕು. ಆದರೆ ಇರುವ ಸೀಟೇ ಕಡಿಮೆಯಿದ್ದರೆ ಪಾಲು ಎಷ್ಟಾದೀತು? ಐಐಟಿ 2016ರಲ್ಲಿ ಧಾರವಾಡದ ಪಾಲಾಯಿತು. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಹೂಡಿದ ಧರಣಿ ಸಾವಿರ ದಿನ ದಾಟಿತು.

ಬಂಧುಗಳೇ, 2020ರಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನ ರೈತರು ಧರಣಿ ಕುಳಿತರು. ಅವರು ಭಿಕ್ಷೆ ಕೇಳಲಿಲ್ಲ, ಪಾಲು ಕೇಳಿದರು. ಹೊಲಕ್ಕೆ ನೀರು ಬಂದರೆ ದುಡಿಯುವವನ ಗುಳೆ ನಿಲ್ಲುತ್ತದೆ; ಸರ್ಕಾರಿ ಸೀಟು ಹೆಚ್ಚಿದರೆ ಓದುವವನ ಗುಳೆ ನಿಲ್ಲುತ್ತದೆ. ಸರ್ಕಾರಿ ಸೀಟು ಹೆಚ್ಚಿಸಿರಿ, ಖಾಸಗಿ ಕಾಲೇಜುಗಳ ಶುಲ್ಕಕ್ಕೆ ಮೂಗುದಾರ ಹಾಕಿರಿ, ರಾಯಚೂರಿಗೆ ಏಮ್ಸ್ ಕೊಡಿರಿ. ಓಟು ಕೇಳಲು ಬರುವ ಪ್ರತಿಯೊಬ್ಬನಿಂದಲೂ, ನಮ್ಮವರಿಂದಲೂ, ಈ ಮೂರಕ್ಕೆ ಉತ್ತರ ಪಡೆಯದೆ ಬಾಗಿಲಿಂದ ಕಳಿಸಬೇಡಿರಿ.